ಮಗುವಿನ ಎದೆಯಲ್ಲಿ ಸಿಕ್ಕ ಹೆಚ್ಚುವರಿ ತುಂಡು

ಪ್ರಶ್ನೆ: ಡಾಕ್ಟರೇ, ಮಗ ಹುಟ್ಟಿದ ನಾಲ್ಕನೇ ದಿನ ಅವನ ಡಯಾಫ್ರಮ್‌ನ (ಎದೆ-ಹೊಟ್ಟೆ ನಡುವಿನ ಪರದೆಯ) ತೂತು ಮುಚ್ಚುವ ಆಪರೇಷನ್ ಆಯಿತು. ತೂತು ಎಡಗಡೆ ಇತ್ತು. ಹೊರಗೆ ಬಂದ ಸರ್ಜನ್, ‘ಒಳಗೆ ಶ್ವಾಸಕೋಶದ ಹೆಚ್ಚುವರಿ ತುಂಡೊಂದಿತ್ತು, ತೆಗೆದೆವು’ ಎಂದರು. ಅದು ಸ್ಕ್ಯಾನ್‌ನಲ್ಲಿ ಯಾಕೆ ಕಾಣಲಿಲ್ಲ? ಮಗನಿಗೆ ಉಸಿರಾಟ ಕಮ್ಮಿಯಾಗುತ್ತಾ? ಬಸುರಿನಲ್ಲಿ ನಾನೇನಾದರೂ ತಪ್ಪು ಮಾಡಿದೆನಾ?

ಉತ್ತರ: ಕೊನೆಯ ಪ್ರಶ್ನೆ ಮೊದಲು. ನೀವೇನೂ ತಪ್ಪು ಮಾಡಿಲ್ಲ, ತಾಯಿ. ಡಯಾಫ್ರಮ್ ಮುಚ್ಚಿಕೊಳ್ಳುವುದು, ಶ್ವಾಸಕೋಶ ಮೊಳೆಯುವುದು ಎಲ್ಲ ಬಸುರಿನ ಮೊದಲ ಎರಡು ಮೂರು ತಿಂಗಳ ಕೆಲಸ. ನೀವು ತಿಂದದ್ದು, ಭಾರ ಎತ್ತಿದ್ದು ಇದಕ್ಕೆ ಕಾರಣವಲ್ಲ.

ಇಂಥ ಮಕ್ಕಳ ಎದೆಯೊಳಗೆ ಆ ತೂತಿನ ಮೂಲಕ ಕರುಳು, ಕೆಲವೊಮ್ಮೆ ಗುಲ್ಮವೂ ಏರಿ ಕೂತಿರುತ್ತದೆ. ಆ ಗುಂಪಿನಲ್ಲಿ ಹೆಬ್ಬೆರಳಿನಷ್ಟು ತುಂಡು ಸ್ಕ್ಯಾನ್‌ಗೆ ಸಿಗದೇ ಹೋಗುವುದುಂಟು. ನನಗೂ ಒಮ್ಮೆ ಹೀಗೇ ಆಯಿತು. ಕರುಳನ್ನು ಮೆಲ್ಲಗೆ ಕೆಳಗಿಳಿಸಿದ ಮೇಲೆ ತೂತಿನ ಅಂಚಿನಲ್ಲಿ ಕಂದುಗೆಂಪು ತುಂಡೊಂದು ಕಂಡಿತು. ಗುಲ್ಮದ ಚೂರು ಅಂದುಕೊಂಡೆ. ಆದರೂ ಅನುಮಾನ. ಅರಿವಳಿಕೆ ಡಾಕ್ಟರಿಗೆ ‘ಉಸಿರಿನ ಬ್ಯಾಗ್ ಒತ್ತಿ’ ಎಂದೆ. ಪಕ್ಕದ ಪುಟ್ಟ ಶ್ವಾಸಕೋಶ ಗುಲಾಬಿಯಾಗಿ ಉಬ್ಬಿತು. ಇದು ಅಲ್ಲಾಡಲಿಲ್ಲ. ಗಾಳಿಯ ದಾರಿಯೇ ಇಲ್ಲ! ಬೆರಳಿಟ್ಟರೆ ಬುಡದಲ್ಲಿ ರಕ್ತನಾಳ ಮಿಡಿಯುತ್ತಿತ್ತು.

ಆ ನಾಳದ್ದೇ ನಮಗೆ ಭಯ. ಅದು ನೇರವಾಗಿ ಮಹಾಧಮನಿಯಿಂದ ಬಂದಿರುತ್ತದೆ, ಕೆಲವೊಮ್ಮೆ ಹೊಟ್ಟೆಯ ಕಡೆಯಿಂದ. ಗಂಟು ಹಾಕದೆ ಕತ್ತರಿಸಿದರೆ ಸರಕ್ಕನೆ ಒಳಗೆ ಸೇರಿ ರಕ್ತ ಸುರಿಯುತ್ತದೆ. ಅದಕ್ಕೇ ಮೊದಲು ನಾಳ ಹುಡುಕಿ ಕಟ್ಟುತ್ತೇವೆ, ಆಮೇಲೆ ತುಂಡಿಗೆ ಕೈಹಾಕುತ್ತೇವೆ.

ರಿಪೋರ್ಟಿನಲ್ಲಿ ‘ಎಕ್ಸ್‌ಟ್ರಾಲೋಬಾರ್ ಸೀಕ್ವೆಸ್ಟ್ರೇಷನ್’ ಎಂದಿರಬಹುದು. ಸೀಕ್ವೆಸ್ಟ್ರೇಷನ್ ಎಂಬ ಹೆಸರನ್ನು 1946ರಲ್ಲಿ ಪ್ರೈಸ್ ಎಂಬ ವೈದ್ಯರು ಬಳಕೆಗೆ ತಂದರು. ಬೇರೆಯಾಗಿ ಉಳಿದದ್ದು ಅಂತ ಅರ್ಥ. ಎಕ್ಸ್‌ಟ್ರಾಲೋಬಾರ್ ಅಂದರೆ ಶ್ವಾಸಕೋಶದ ಹೊರಗಿರುವುದು. ಹೆಸರು ಕೇಳಿ ಹೆದರಬೇಡಿ, ಇದು ಕ್ಯಾನ್ಸರ್ ಅಲ್ಲ. ಆ ತುಂಡು ಒಂದು ದಿನವೂ ಉಸಿರಾಡಿದ್ದಲ್ಲ. ಹಾಗಾಗಿ ತೆಗೆದಿದ್ದರಿಂದ ಉಸಿರು ಕಮ್ಮಿಯಾಗುವುದಿಲ್ಲ.

ಗಮನ ಬೇಕಿರುವುದು ಎಡಗಡೆಯ ಸ್ವಂತ ಶ್ವಾಸಕೋಶಕ್ಕೆ. ಕರುಳಿನ ಒತ್ತಡದಲ್ಲಿ ಅದು ಚಿಕ್ಕದಾಗಿ ಬೆಳೆದಿರುತ್ತದೆ. ಗಾಳಿಗೂಡುಗಳು ಹುಟ್ಟಿದ ಮೇಲೂ ಕೆಲವು ವರ್ಷ ಹೆಚ್ಚುತ್ತಾ ಹೋಗುತ್ತವೆ, ಅದೇ ನಮಗೆ ಧೈರ್ಯ. ಹಾಲು ಕಕ್ಕುವುದು ಜಾಸ್ತಿಯಾದರೆ, ತೂಕ ಏರದಿದ್ದರೆ ತಡಮಾಡದೆ ತೋರಿಸಿ. ಹೃದಯದ ಎಕೋ ಆಗಿದೆಯಾ ಕೇಳಿ, ಇಂಥ ಮಕ್ಕಳಲ್ಲಿ ಹೃದಯದ ದೋಷವೂ ಜೊತೆಗಿರಬಹುದು. ಕಿವಿ ಪರೀಕ್ಷೆಯನ್ನು ಒಮ್ಮೆ ಮಾಡಿಸಿ ಸುಮ್ನಾಗಬೇಡಿ, ಈ ಮಕ್ಕಳಿಗೆ ಕೇಳಿಸುವಿಕೆ ನಿಧಾನವಾಗಿ ಕುಂದುವುದೂ ಉಂಟು.

ಆಪರೇಷನ್ ನೋಟ್ಸ್, ಪೆಥಾಲಜಿ ರಿಪೋರ್ಟ್ ಎರಡರ ನಕಲನ್ನೂ ಕೇಳಿ ಪಡೆದುಕೊಳ್ಳಿ. ಮುಂದೆಂದಾದರೂ ಅವನ ಎದೆಯ ಎಕ್ಸ್‌ರೇ ನೋಡುವ ಡಾಕ್ಟರಿಗೆ ಆ ಎರಡು ಕಾಗದ ಬೇಕಾಗುತ್ತವೆ.