ಮಾರುತಿ 800ರ ಸ್ಟೀರಿಂಗ್ ರ‍್ಯಾಕ್ ಮನೆಯಲ್ಲೇ ಬಿಚ್ಚಿದ್ದೇನೆ, ಯಾವ ಗ್ರೀಸ್ ಎಷ್ಟು ಹಾಕಬೇಕು?

ಲಿಥಿಯಂ ಗ್ರೀಸೋ, ಮಾಲಿಬ್ಡಿನಂ ಇರೋ ಕಪ್ಪು ಗ್ರೀಸೋ ಅಂತ ತಾನೆ? ಅಂಗಳದಲ್ಲಿ ಗೋಣಿಚೀಲ ಹಾಸಿ, ಸ್ಟೀರಿಂಗ್ ತಿರುವಿದಾಗ ಎಡಬಲ ಸರಿದು ಚಕ್ರ ತಿರುಗಿಸೋ ಹಲ್ಲಿನ ಸಲಾಕೆ, ಅಂದರೆ ರ‍್ಯಾಕ್ ಹರವಿಕೊಂಡು ನಾನೂ ಇದನ್ನೇ ಕೇಳುತ್ತಾ ಕೂತಿದ್ದೆ, 2010ರಲ್ಲಿ, ಬಳ್ಳಾರಿಯಲ್ಲಿ. ಗ್ರೀಸಿಗಾಗಿ ಮೂರು ದಿನ ತಲೆ ಕೆಡಿಸಿಕೊಂಡೆ. ಅದರ ಎರಡೂ ತುದಿಗೆ ಹೊದಿಸಿರೋ ಮಡಿಕೆಮಡಿಕೆಯ ರಬ್ಬರ್ ಚೀಲ, ಅಂದರೆ ಬೂಟಿನ ಬಗ್ಗೆ ಮೂರು ನಿಮಿಷ ಯೋಚಿಸಲಿಲ್ಲ.

ಸಂಡೂರು, ತೋರಣಗಲ್ಲು ಕಡೆಯ ರಸ್ತೆಗಳು ಆಗ ಹೇಗಿದ್ದವು ಅಂತ ಕಂಡವರಿಗೇ ಗೊತ್ತು. ಮರುವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕೋವರೆಗೂ ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದವು. ರಸ್ತೆ ಬದಿಯ ಬೇವಿನ ಮರವೂ ಕೆಂಪು. ನನ್ನ ದಿನದ ಓಡಾಟ ಅದೇ ದಾರಿಯಲ್ಲಿ. ಸ್ಟೀರಿಂಗ್ ಬಿಗಿಯಾಯಿತು, ತಿರುವಿದರೆ ಕರಕರ ಸದ್ದು. ಬಿಚ್ಚಿದರೆ ಎಡಗಡೆ ಬೂಟಿನ ಮಡಿಕೆಯಲ್ಲಿ ಹೆಬ್ಬೆರಳಗಲ ಸೀಳು. ಒಳಗಿನ ಗ್ರೀಸ್ ಕುಂಕುಮ ಕಲಸಿಟ್ಟ ಹಾಗಿತ್ತು.

ಸೀಮೆಎಣ್ಣೆಯಲ್ಲಿ ರ‍್ಯಾಕ್, ಅದರ ಹಲ್ಲಿಗೆ ಕಚ್ಚಿಕೊಳ್ಳೋ ಚಿಕ್ಕ ಗೇರ್ ಪಿನಿಯನ್ ಎಲ್ಲ ತೊಳೆದೆ. ದುಬಾರಿ ಗ್ರೀಸನ್ನೇ ತಂದೆ. ಬೂಟು ಮಾತ್ರ ತರಲಿಲ್ಲ. 200 ರೂಪಾಯಿ ಉಳಿಯಿತಲ್ಲ ಅಂತ, ಸೀಳಿನ ಮೇಲೆ ಸೈಕಲ್ ಟ್ಯೂಬಿನ ತುಂಡಿಟ್ಟು ಪಂಕ್ಚರ್ ಸೊಲ್ಯೂಷನ್‌ನಲ್ಲಿ ಅಂಟಿಸಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಇಲ್ಲಿ ಸ್ವಲ್ಪ ಕೊರೀತೀನಿ, ಸಹಿಸಿಕೊಳ್ಳಿ. ಆ ಬೂಟು ಬರೀ ಮುಚ್ಚಳ ಅಲ್ಲ, ಕಮ್ಮಾರನ ತಿದಿ ಇದ್ದ ಹಾಗೆ. ಸ್ಟೀರಿಂಗ್ ತಿರುವಿದಾಗ ಒಂದು ಕಡೆಯದು ಹಿಗ್ಗುತ್ತೆ, ಇನ್ನೊಂದು ಕಡೆಯದು ಮಡಚಿಕೊಳ್ಳುತ್ತೆ. ಇದರ ಗಾಳಿ ಅದಕ್ಕೆ ಹೋಗಬೇಕು. ಸೀಳಿದ್ದರೆ ಹಿಗ್ಗಿದಾಗೆಲ್ಲ ಹೊರಗಿನ ಗಾಳಿ ಎಳೆದುಕೊಳ್ಳುತ್ತೆ, ಜೊತೆಗೆ ದೂಳು. ನನ್ನ ತೇಪೆ ಇದ್ದದ್ದು ಮಡಿಕೆಯ ಮೇಲೆ, ಅಂದರೆ ದಿನಕ್ಕೆ ನೂರಾರು ಸಲ ಮಡಚುವ ಜಾಗದಲ್ಲೇ. ಒಂದಂಚು ಬಿಟ್ಟುಕೊಂಡಿತು. ಚಕ್ರ ನೇರ ಇದ್ದಾಗ ಮುಚ್ಚಿಕೊಂಡಿರುತ್ತಿತ್ತು, ಹಾಗಾಗಿ ಬಗ್ಗಿ ನೋಡಿದರೂ ಕಾಣಲಿಲ್ಲ. ಒಳಗೆ ಹೋಗಿದ್ದಾದರೂ ಎಂಥ ದೂಳು? ಅದಿರಿನದು, ಐರನ್ ಆಕ್ಸೈಡ್. ಚಿನ್ನಕ್ಕೆ ಹೊಳಪು ಕೊಡೋ ಕೆಂಪು ಪುಡಿಯೂ ಅದೇ. ಗ್ರೀಸಿನಲ್ಲಿ ಕಲಸಿದರೆ ಸಾಣೆ ಪೇಸ್ಟ್. ಗ್ರೀಸ್ ಎಷ್ಟು ಒಳ್ಳೆಯದೋ ಅಷ್ಟು ಗಟ್ಟಿಯಾಗಿ ಅದನ್ನು ಹಲ್ಲಿಗೆ ಮೆತ್ತಿಟ್ಟಿರುತ್ತೆ.

ಎಂಟು ತಿಂಗಳಿಗೆ ಸ್ಟೀರಿಂಗ್ ಲೊಡಲೊಡ. ರ‍್ಯಾಕಿನ ಅಡ್ಜಸ್ಟರ್, ಅಂದರೆ ಅದನ್ನು ಪಿನಿಯನ್‌ಗೆ ಒತ್ತಿ ಹಿಡಿಯೋ ಸ್ಕ್ರೂ, ಬಿಗಿ ಮಾಡಿದೆ. ನೇರ ಓಡಿಸುವಾಗ ಸರಿ ಹೋಯಿತು, ಗಲ್ಲಿಯಲ್ಲಿ ಪೂರ್ತಿ ತಿರುವಿದರೆ ಹಿಡಿದುಕೊಂಡಿತು, ತಾನಾಗಿ ವಾಪಸ್ ಬರಲೊಲ್ಲದು. ಕೌಲ್ ಬಜಾರಿನ ಮೇಸ್ತ್ರಿ ರ‍್ಯಾಕ್ ಎಳೆದು ಬಟ್ಟೇಲಿ ಒರೆಸಿ ನನ್ನ ಕೈಗಿಟ್ಟ. "ನೋಡು ತಮ್ಮಾ, ನಡುವಿನ ಹಲ್ಲು ಸವದಾವ, ತುದೀವು ಹೊಸಾವು ಇದ್ದಂಗ ಅದಾವ. ನಡುವಿಗೆ ಬಿಗಿ ಮಾಡಿದ್ರ ತುದ್ಯಾಗ ಹಿಡೀತೈತಿ." ನೇರ ಓಡಿಸುವಾಗ ಕೆಲಸಕ್ಕೆ ಬರೋ ನಡುವಿನ ನಾಲ್ಕೈದು ಹಲ್ಲು ಕನ್ನಡಿ ಹಾಗೆ ಹೊಳೀತಿದ್ದವು. ಅಷ್ಟು ಚೆಂದದ ಪಾಲಿಶ್ ದುಡ್ಡು ಕೊಟ್ಟರೂ ಮಾಡಿಕೊಡಲ್ಲ ಬಿಡಿ. ಪೂರ್ತಿ ರ‍್ಯಾಕ್ ಹೊಸದು ಹಾಕಿಸಿದೆ.

ಅದಕ್ಕೇ ಹೇಳೋದು, ಗ್ರೀಸ್ ಯಾವುದು ಅನ್ನೋದು ಪ್ರಶ್ನೆಯೇ ಅಲ್ಲ. ಲಿಥಿಯಂ ಬೇಸಿನ, ಗಟ್ಟಿತನದಲ್ಲಿ 2ನೇ ನಂಬರಿನದು ಸಾಕು, ಮಾಲಿಬ್ಡಿನಂ ಬೆರೆತಿದ್ದರೂ ನಡೆಯುತ್ತೆ. ಹಳೆಯದರ ಮೇಲೇ ಮೆತ್ತಬೇಡಿ, ಅಷ್ಟೆ. ಹಲ್ಲಿನ ಸಂದಿಗೆಲ್ಲ, ರ‍್ಯಾಕ್ ಒತ್ತಿಕೊಳ್ಳೋ ಪ್ಯಾಡಿಗೆ, ತುದಿಯ ಬಾಲ್ ಜಾಯಿಂಟಿಗೆ ಹಚ್ಚಿ. ಬೂಟಿನೊಳಗೆ ಹೋಳಿಗೆಗೆ ಹೂರಣ ತುಂಬಿದ ಹಾಗೆ ತುಂಬಿದರೆ ಗಾಳಿಗೆ ದಾರಿ ಇಲ್ಲದೆ ಉಬ್ಬಿ ಹರಿಯುತ್ತೆ. ಪವರ್ ಸ್ಟೀರಿಂಗ್ ಗಾಡಿಯವರು ಇದನ್ನು ಓದಿ ಆಯಿಲ್ ಓಡೋ ಜಾಗಕ್ಕೆ ಗ್ರೀಸ್ ತುರುಕಬೇಡಿ, ಅದರ ಕಥೆಯೇ ಬೇರೆ.

ನಡುವಿನ ಹಲ್ಲನ್ನೂ ತುದಿಯ ಹಲ್ಲನ್ನೂ ಬಿಸಿಲಿಗೆ ಹಿಡಿದು ಹೋಲಿಸಿ. ವ್ಯತ್ಯಾಸ ಕಂಡರೆ ಗ್ರೀಸಿನ ದುಡ್ಡೂ ದಂಡ. ಕಾಣದಿದ್ದರೆ ಇವತ್ತೇ ಎರಡೂ ಕಡೆಗೆ ಹೊಸ ಬೂಟು ತನ್ನಿ, ಕ್ಲಾಂಪ್ ಸಮೇತ. ಬೈಂಡಿಂಗ್ ವೈರ್ ಸುತ್ತಬೇಡಿ. ಬೂಟಿನ ಚಿಕ್ಕ ಬಾಯಿಗೆ ಒಂಚೂರು ಸಿಲಿಕೋನ್ ಗ್ರೀಸ್ ಸವರಿ, ಇಲ್ಲದಿದ್ದರೆ ಚಕ್ರದ ಅಲೈನ್‌ಮೆಂಟ್ ಮಾಡೋ ಹುಡುಗ ಚಕ್ರಕ್ಕೆ ಹೋಗೋ ರಾಡ್ ತಿರುವಿದಾಗ ಬೂಟೂ ಜೊತೆಗೇ ತಿರುಚಿಕೊಂಡು ಅಲ್ಲೇ ಸೀಳುತ್ತೆ. ಅವನು ಕೆಲಸ ಮುಗಿಸಿದ ಮೇಲೆ ಕೆಳಗೆ ಬಗ್ಗಿ ನೋಡದೆ ದುಡ್ಡು ಕೊಡಬೇಡಿ.