ಕಿವಿಯ ವರದಿಯಲ್ಲಿ ಬಂದ ಕಣ್ಣಿನ ಸುದ್ದಿ

ಹುಟ್ಟುಕಿವುಡು, ಜೊತೆಗೆ ನಡಿಗೆ ತಡ. ಇವೆರಡೂ ಒಟ್ಟಿಗಿರುವ ಮಕ್ಕಳಲ್ಲಿ ಮುಂದೆ ಕಣ್ಣಿಗೂ ತೊಂದರೆ ಬರಬಹುದೆಂಬ ಮಾತನ್ನು ಮುಂದೂಡುವುದು ಮತ್ತೆ ಮತ್ತೆ ಕಾಣುತ್ತಿದೆ. ಅದಕ್ಕಾಗಿ ಗುರುತು ಮರೆಸಿ ಈ ಪ್ರಕರಣ.

ಉಡುಪಿ ಕಡೆಯ ದಂಪತಿ, ಸಂಬಂಧದೊಳಗಿನ ಮದುವೆ. ಎರಡೂವರೆ ವರ್ಷದ ಮಗಳ ಒಂದು ಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಶ್ರವಣ ನರಕ್ಕೆ ನೇರವಾಗಿ ಸಂಕೇತ ಕೊಡುವ ಸಾಧನ) ಆಗಿದೆ. ನಡೆಯಲು ಕಲಿತದ್ದು 20 ತಿಂಗಳಿಗೆ. ಎಂವೈಓ7ಎ (MYO7A) ಜೀನಿನ ಎರಡೂ ಪ್ರತಿಗಳಲ್ಲಿ ದೋಷವಿದೆ ಎಂದು ವರದಿ ಬಂತು: ಅಶರ್ ಸಿಂಡ್ರೋಮ್, ಟೈಪ್ 1ಬಿ. ಹುಟ್ಟುಕಿವುಡಿನ ಜೊತೆ ಮುಂದೆ ದೃಷ್ಟಿಯೂ ಕುಗ್ಗುವ ಆನುವಂಶಿಕ ಕಾಯಿಲೆ ಇದು.

ಈ ಜೀನಿನಿಂದ ತಯಾರಾಗುವ ಮಯೋಸಿನ್ 7ಎ ಒಂದು ಮೋಟಾರ್ ಪ್ರೋಟೀನ್. ಕೋಶದೊಳಗಿನ ಆಕ್ಟಿನ್ ಎಳೆಗಳ ಮೇಲೆ ಕೆಲಸ ಮಾಡುತ್ತದೆ. ಸದ್ದನ್ನೂ ತಲೆಯ ಚಲನೆಯನ್ನೂ ಗ್ರಹಿಸುವ ಒಳಕಿವಿಯ ರೋಮಕೋಶಕ್ಕೂ, ಕಣ್ಣೊಳಗೆ ಬೆಳಕು ಗ್ರಹಿಸುವ ಪದರವಾದ ಅಕ್ಷಿಪಟಕ್ಕೂ ಇದು ಬೇಕು. ರೋಮಕೋಶ ಕೆಟ್ಟರೆ ಶ್ರವಣದೊಂದಿಗೆ ಸಮತೋಲನವೂ ಹೋಗುತ್ತದೆ. ಮಗು ನಡೆಯಲು ತಡಮಾಡಿದ್ದು ಕಾಲಿನ ಬಲ ಸಾಲದೆ ಅಲ್ಲ. ಕಣ್ಣಿನ ಸರದಿ ಆಮೇಲೆ: ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನೊಳಗೆ ಇರುಳುಗುರುಡು, ಮುಂದೆ ಅಂಚಿನ ನೋಟ ಕುಗ್ಗುವುದು.

ತಂದೆ ವರದಿ ಮಡಚಿಟ್ಟು ಕೇಳಿದರು: "ಈಗಷ್ಟೇ ಅವಳಿಗೆ ಕೇಳ್ಲಿಕ್ಕೆ ಶುರುವಾಗಿದೆ. ಕಣ್ಣಿನ ಮಾತು ಈಗಲೇ ಎಂತಕ್ಕೆ ಮೇಡಂ?"

ಈಗಲೇ ಹೇಳಿದೆ. ಇದು ಕ್ರೌರ್ಯ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ತುಟಿ ನೋಡಿ, ಕೈಸನ್ನೆ ನೋಡಿ ಅರ್ಥಮಾಡಿಕೊಳ್ಳಲು ಬೆಳಕು ಬೇಕು. ಮಬ್ಬಿನಲ್ಲಿ ಈ ಮಗುವಿಗೆ ಆಧಾರ ಕಿವಿಯೇ. ಆದ್ದರಿಂದ ಎರಡನೇ ಕಿವಿಯ ಇಂಪ್ಲಾಂಟನ್ನೂ ತಡಮಾಡದೆ ಮಾಡಿಸಿ ಎಂದೆ. ಮಿದುಳು ಮಾತನ್ನು ಚೆನ್ನಾಗಿ ಹಿಡಿಯುವ ವಯಸ್ಸು ಕಾಯುವುದಿಲ್ಲ. ಬೆಳಕಿಗೆ ಅಕ್ಷಿಪಟದ ವಿದ್ಯುತ್ ಸ್ಪಂದನ ಅಳೆಯುವ ಇಆರ್‌ಜಿ ಪರೀಕ್ಷೆ, ಪ್ರತಿವರ್ಷ ಕಣ್ಣಿನ ತಪಾಸಣೆ, ಸಮತೋಲನಕ್ಕೆ ಫಿಸಿಯೋಥೆರಪಿ, ಮೆಟ್ಟಿಲು–ಬಚ್ಚಲಿನ ದಾರಿಗೆ ರಾತ್ರಿ ದೀಪ.

ಇನ್ನೊಂದನ್ನು ಒತ್ತಿ ಹೇಳಿದೆ, ಕರಾವಳಿಯಲ್ಲಿ ಹೇಳಲೇಬೇಕು: ನೀರು. ಮುಳುಗಿದಾಗ ಮೇಲು ಯಾವುದು, ಕೆಳಗೆ ಯಾವುದು ಎಂದು ನಮಗೆ ತಿಳಿಸುವುದು ಒಳಕಿವಿ. ಅದು ಕೆಲಸ ಮಾಡದ ಮಗು ಕದಡಿದ ಕೆರೆಯಲ್ಲೋ ಮುಸ್ಸಂಜೆಯ ಕಡಲಲ್ಲೋ ಮುಳುಗಿದರೆ ದಿಕ್ಕು ತಪ್ಪಿ ಇನ್ನೂ ಕೆಳಕ್ಕೆ ಈಜಬಹುದು. ಈಜು ಬೇಡವೆಂದಿಲ್ಲ. ಹಗಲಲ್ಲಿ, ತಲೆ ಮುಳುಗದಷ್ಟು ನೀರಲ್ಲಿ, ದೊಡ್ಡವರ ಕೈಗೆಟುಕುವಷ್ಟು ಹತ್ತಿರ. ಇಂಪ್ಲಾಂಟಿನ ಹೊರಭಾಗ ನೀರಿಗಿಳಿಯುವಾಗ ತೆಗೆದಿಟ್ಟರೆ ಕೂಗಿದ್ದೂ ಕೇಳದು ಎಂಬುದು ನೆನಪಿರಲಿ.

ಮನೆಯಲ್ಲಿ ನಾಗದೋಷವೆಂದು ತಾಯಿಯ ಕಡೆ ಬೆರಳು ತೋರಿಸುತ್ತಿದ್ದರು. ಪೂಜೆ ಮಾಡಿಸುವುದು ಅವರವರ ನಂಬಿಕೆ. ಆದರೆ ದೋಷದ ಪ್ರತಿ ತಾಯಿಯಿಂದ ಒಂದು, ತಂದೆಯಿಂದ ಒಂದು ಬಂದಿದೆ ಎಂದು ಅತ್ತೆಯವರೆದುರೇ ಬಿಡಿಸಿ ಹೇಳಿದೆ. ಮುಂದಿನ ಪ್ರತಿ ಬಸಿರಿನಲ್ಲೂ ಮಗುವಿಗೆ ಇದೇ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬೇಕೆನಿಸಿದರೆ 11ರಿಂದ 13ನೇ ವಾರದಲ್ಲಿ, ಮಾಸುವಿನ ಚೂರು ತೆಗೆದು ಭ್ರೂಣದ ಜೀನು ನೋಡುವ ಸಿವಿಎಸ್ ಪರೀಕ್ಷೆ ಇದೆ, ಆದರೆ ಇಬ್ಬರ ರಕ್ತದಲ್ಲೂ ಅದೇ ದೋಷವನ್ನು ಬಸಿರಿಗೆ ಮೊದಲೇ ಖಚಿತಪಡಿಸಿಕೊಂಡಿರಬೇಕು.

ಎರಡನೇ ಕಿವಿಗೆ ಒಪ್ಪಿದರು. ಇಬ್ಬರೂ ರಕ್ತ ಕೊಟ್ಟು ಹೋದರು. ಇನ್ನೊಂದು ಮಗುವಿನ ವಿಷಯ ಅವರು ತೀರ್ಮಾನಿಸಿಲ್ಲ, ನಾನು ಕೇಳಲೂ ಇಲ್ಲ.