ವೈಫೈಗೆ ಮೊಬೈಲ್ ನಂಬರೇ ಪಾಸ್‌ವರ್ಡ್ ಆಗಿದ್ದರೆ ಸಾಕಾ?

ತುಮಕೂರಿನ ಬಟವಾಡಿಯ ಮನೆಗೆ ಫೈಬರ್ ಹಾಕಿಸಿದ್ದೀರಿ, ಲೈನ್ ಎಳೆದ ಹುಡುಗ ನಿಮ್ಮ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೋಗಿದ್ದಾನೆ, ಮಹಡಿಯ ಬಾಡಿಗೆಯವರೂ ವೈಫೈ ಕೇಳುತ್ತಿದ್ದಾರೆ ಎಂದಿದ್ದೀರಿ. ಆ ಪಾಸ್‌ವರ್ಡ್ ಸಾಲದು, ಇವತ್ತೇ ಬದಲಾಯಿಸಿ.

ಮೊಬೈಲ್ ನಂಬರ್ ಹತ್ತೇ ಅಂಕಿ, ಅದೂ 6ರಿಂದ 9ರೊಳಗೇ ಶುರುವಾಗುತ್ತದೆ. ಡಬ್ಲ್ಯುಪಿಎ2 (WPA2, ವೈಫೈ ಭದ್ರತೆಯ ಒಂದು ವಿಧಾನ) ಬಳಸುವ ರೂಟರಿಗೆ ಫೋನ್ ಸೇರುವ ಕ್ಷಣದ ಸಂಕೇತಗಳನ್ನು ಹತ್ತಿರದಲ್ಲಿರುವವರು ಹಿಡಿದಿಟ್ಟುಕೊಂಡರೆ, ಆಮೇಲೆ ತಮ್ಮ ಮನೆಯಲ್ಲೇ ಕೂತು ಎಲ್ಲ ನಂಬರುಗಳನ್ನೂ ಕಂಪ್ಯೂಟರಿನಿಂದ ಹಾಕಿಸಿ ನೋಡಬಹುದು. ಒಳ್ಳೆಯ ಗ್ರಾಫಿಕ್ಸ್ ಕಾರ್ಡಿದ್ದರೆ ಅದು ಕೆಲವೇ ಗಂಟೆಗಳ ಕೆಲಸ. ನಿಮ್ಮ ನಂಬರ್ ಗೊತ್ತಿರುವವರಿಗೆ ಆ ಕಷ್ಟವೂ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ: ಒನಕೆ, ಹಲಸು, ಚಕ್ಕಡಿ, ಮಿಂಚುಹುಳ, ಈ ಥರ. ಮನೆಯವರಿಗೆ ನೆನಪಿರುತ್ತದೆ, ಹೊರಗಿನವರಿಗೆ ಊಹೆಗೆ ಸಿಗುವುದಿಲ್ಲ.

ಬದಲಾಯಿಸಲು ಬ್ರೌಸರಿನಲ್ಲಿ 192.168.1.1 ಎಂದು ಹಾಕಿ. ತೆರೆಯದಿದ್ದರೆ ಸರಿಯಾದ ವಿಳಾಸ ರೂಟರಿನ ಅಡಿಯ ಸ್ಟಿಕ್ಕರಿನಲ್ಲಿರುತ್ತದೆ. ಒಳಗೆ ಹೋಗುವ ಅಡ್ಮಿನ್ ಪಾಸ್‌ವರ್ಡ್ ಬೇರೆಯದು; ತುಂಬ ಜನ ಮರೆಯುವುದು ಅದನ್ನೇ, ಅದನ್ನೂ ಬದಲಿಸಿ. ಸೆಕ್ಯುರಿಟಿಯಲ್ಲಿ ಇನ್ನೂ ಹೊಸದಾದ ಡಬ್ಲ್ಯುಪಿಎ3 (WPA3) ಇದ್ದರೆ ಅದನ್ನು, ಹಳೆಯ ಫೋನ್ ಸೇರದಿದ್ದರೆ ಡಬ್ಲ್ಯುಪಿಎ2 ಎಇಎಸ್ (WPA2 AES) ಆರಿಸಿ. ಪಾಸ್‌ವರ್ಡ್ ಇಲ್ಲದೆ ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಫೋನ್ ಸೇರಿಸುವ ಡಬ್ಲ್ಯುಪಿಎಸ್ (WPS) ಆಫ್ ಮಾಡಿ, ಅದರ 8 ಅಂಕಿಯ ಪಿನ್ ಸುಲಭವಾಗಿ ಮುರಿಯುತ್ತದೆಂದು 2011ರಲ್ಲೇ ಬಯಲಾಗಿದೆ. ಫರ್ಮ್‌ವೇರ್ (ರೂಟರಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಬಂದಿದ್ದರೆ ಹಾಕಿ.

ಬಾಡಿಗೆಯವರಿಗೆ ಗೆಸ್ಟ್ ನೆಟ್‌ವರ್ಕ್, ಅಂದರೆ ಅದೇ ರೂಟರಿನಲ್ಲಿ ಬೇರೆ ಹೆಸರು, ಬೇರೆ ಪಾಸ್‌ವರ್ಡಿನ ವೈಫೈ ಕೊಡಿ. ಅವರು ಮನೆ ಬಿಟ್ಟಾಗ ಅದರ ಪಾಸ್‌ವರ್ಡ್ ಮಾತ್ರ ಬದಲಿಸಿದರಾಯಿತು. ಮೇಲಿನವರೆಗೆ ಸಿಗ್ನಲ್ ಬೇಕೆಂದರೆ ರೂಟರನ್ನು ಕಬ್ಬಿಣದ ಬೀರು ಪಕ್ಕದಿಂದ ತೆಗೆದು ನಡುಮನೆಯಲ್ಲಿ ಎತ್ತರಕ್ಕಿಡಿ.